ಮಳೆಯನ್ನು ತಡೆದು ಬೆವರನ್ನು ಬಿಡುವ ಬೇಟೆಯ ಉಡುಪು

ಮಳೆಯಲ್ಲಿ ದುಡಿಯುವವನ ಮೈಯನ್ನು ನೀರು ಎರಡು ಕಡೆಗಳಿಂದ ತೋಯಿಸುತ್ತದೆ. ಹೊರಗಿನಿಂದ ಮಳೆ, ಒಳಗಿನಿಂದ ಬೆವರು. ಮಳೆಯನ್ನು ಮಾತ್ರ ತಡೆಯುವುದು ಸುಲಭ. ಅದನ್ನು ತಡೆದು ಬೆವರನ್ನು ಹೊರಕ್ಕೆ ಬಿಡುವುದು ಕಷ್ಟ. ಈ ಎರಡು ಗುಣಗಳೂ ಉಂಟೆಂದು ಹೇಳಿ ಮಾರುವ ಕೋಟುಗಳು ಈಗ ನಮ್ಮ ಪೇಟೆಗಳಿಗೂ ಬಂದಿವೆ. ಅವುಗಳ ಬೆಲೆ ಸಾಧಾರಣ ಪ್ಲಾಸ್ಟಿಕ್ ಕೋಟಿಗಿಂತ ಹಲವು ಪಾಲು ಹೆಚ್ಚು. ಆದುದರಿಂದ ತೋಟಗದ್ದೆಗಳ ಕಾವಲುಗಾರರಿಗಾಗಿ ಅವನ್ನು ಕೊಳ್ಳಬೇಕೆಂದಿರುವ ಭೂಮಾಲಿಕರು ಅವುಗಳ ಗುಣದೋಷಗಳನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಬೇಟೆಗಾರನ ಅನುಭವ

ಈ ಉಡುಪನ್ನು ಶೀತದೇಶಗಳ ಬೇಟೆಗಾರರು ಚೆನ್ನಾಗಿ ಪರೀಕ್ಷಿಸಿದ್ದಾರೆ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಕೆಂಪುಜಿಂಕೆಯನ್ನು ಅರಸುವವನು ಮೊದಲು ಏರನ್ನು ಹತ್ತಿ ಬೆವರುತ್ತಾನೆ. ಅನಂತರ ತೊಯ್ದ ನೆಲದಲ್ಲಿ ತೆವಳಿ, ಗಾಳಿಮಳೆಯಲ್ಲಿ ಬಹಳ ಹೊತ್ತು ಅಲುಗಾಡದೆ ಕಾಯುತ್ತಾನೆ. ಹತ್ತುವಾಗ ಒಳಗೆ ನಿಂತ ಬೆವರು ಕಾಯುವಾಗ ತಣ್ಣಗಾಗಿ ಮೈಯ ಶಾಖವನ್ನು ಹೀರುತ್ತದೆ. ನಮ್ಮಲ್ಲಿ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆಯು ನಿಷಿದ್ಧವಷ್ಟೆ. ಆದರೆ ಕಾಡುಹಂದಿಯ ಕಾಟಕ್ಕಾಗಿ ಗದ್ದೆಯ ಅಟ್ಟಣೆಯಲ್ಲಿ ರಾತ್ರಿ ಕುಳಿತಿರುವ ಕಾವಲುಗಾರನಿಗೆ ಒದಗುವ ಕಷ್ಟವೂ ಇದೇ ಬಗೆಯದು. ಆದುದರಿಂದಲೇ ಆ ಬೇಟೆಗಾರರ ಅನುಭವವು ನಮಗೂ ಉಪಯುಕ್ತವಾಗಿದೆ.

ಬಟ್ಟೆಯ ರಚನೆ

1823ರಲ್ಲಿ ಗ್ಲಾಸ್ಗೋ ನಗರದ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬವರು ಎರಡು ಬಟ್ಟೆಗಳ ನಡುವೆ ರಬ್ಬರನ್ನು ಹಚ್ಚಿ ಸೇರಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ಅದು ಮಳೆಯನ್ನು ತಡೆಯಿತು, ಬೆವರನ್ನೂ ತಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮ್ಯಾಂಚೆಸ್ಟರಿನಲ್ಲಿ ವಿಮಾನಯೋಧರಿಗಾಗಿ ವೆಂಟೈಲ್ ಎಂಬ ಹತ್ತಿಯ ಬಟ್ಟೆ ಸಿದ್ಧವಾಯಿತು. ಉದ್ದ ಎಳೆಯ ಹತ್ತಿಯಿಂದ ಬಹು ಒತ್ತಾಗಿ ನೇಯ್ದ ಇದರ ನೂಲು, ನೆನೆದಾಗ ಉಬ್ಬಿ ಸಂದುಗಳನ್ನು ಮುಚ್ಚುತ್ತದೆ. ನಡೆಯುವಾಗ ಸದ್ದು ಮಾಡದಿರುವುದರಿಂದ ಬೇಟೆಗಾರರು ಇದನ್ನು ಈಗಲೂ ಮೆಚ್ಚುತ್ತಾರೆ.

1969ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಎಂಬವರು ಟೆಫ್ಲಾನ್ ಎಂದು ಪ್ರಸಿದ್ಧವಾದ ವಸ್ತುವನ್ನು ಕಾಯಿಸಿ, ಥಟ್ಟನೆ ಎಳೆದು, ಸೂಕ್ಷ್ಮರಂಧ್ರಗಳುಳ್ಳ ಪೊರೆಯನ್ನು ಪಡೆದರು. 1976ರಿಂದ ಇದನ್ನು ಸೇರಿಸಿದ ಬಟ್ಟೆಯು ಗೋರ್‌-ಟೆಕ್ಸ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ತಯಾರಕರ ಲೆಕ್ಕದಂತೆ ಈ ಪೊರೆಯ ಒಂದು ಚದರ ಅಂಗುಲದಲ್ಲಿ ಸುಮಾರು 900 ಕೋಟಿ ರಂಧ್ರಗಳಿವೆ. ಮಳೆಯ ಹನಿ ಅವುಗಳಲ್ಲಿ ನುಗ್ಗಲಾರದು; ಬೆವರಿನ ಆವಿ ಸುಲಭವಾಗಿ ಹೊರಬೀಳುವುದು.

ಎಲ್ಲಿ ಕೆಲಸ ಮಾಡುವುದು, ಎಲ್ಲಿ ಸೋಲುವುದು

ಆವಿಯು ತಾನಾಗಿಯೇ ಹೊರಗೆ ಹೋಗುವುದಿಲ್ಲ. ಒಳಗಣ ಆವಿಯ ಒತ್ತಡವು ಹೊರಗಿನದಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಅದು ಹೊರಡುವುದು. ಬೆವರಿದ ಚರ್ಮದ ಬಳಿ, 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಈ ಒತ್ತಡವು ಪಾದರಸದ ಅಳತೆಯಲ್ಲಿ ಸುಮಾರು 42 ಮಿಲಿಮೀಟರು. ಹೊರಗೆ 5 ಡಿಗ್ರಿಯ ಚಳಿಯಿದ್ದರೆ ತೇವ ತುಂಬಿದ ಗಾಳಿಯಲ್ಲಿಯೂ ಅದು 6ರಿಂದ 7 ಮಿಲಿಮೀಟರು ಮಾತ್ರ. ಆದರೆ ಮಲೆನಾಡಿನ ಆಷಾಢದ ಮಳೆಯಲ್ಲಿ, 24 ಡಿಗ್ರಿಯ ತೇವದ ಗಾಳಿಯಲ್ಲಿ, ಅದು ಸುಮಾರು 22 ಮಿಲಿಮೀಟರು. ಎಂದರೆ ಸ್ಕಾಟ್ಲೆಂಡಿನಲ್ಲಿ 35ರಷ್ಟಿರುವ ಅಂತರವು ನಮ್ಮಲ್ಲಿ 20ಕ್ಕೆ ಇಳಿಯುತ್ತದೆ. ಅಲ್ಲಿ ಮೆಚ್ಚಿಕೆ ಪಡೆದ ಕೋಟು ಇಲ್ಲಿ ಅಷ್ಟೇ ಫಲವನ್ನು ಕೊಡದಿರುವುದಕ್ಕೆ ಇದೇ ಮುಖ್ಯ ಕಾರಣ. ಏರು ಹತ್ತುವಾಗ, ಹೊರೆ ಹೊರುವಾಗ ಬರುವ ಬೆವರನ್ನಂತೂ ಯಾವ ದೇಶದಲ್ಲಿಯೂ ಈ ಬಟ್ಟೆ ಪೂರ್ತಿಯಾಗಿ ಬಿಡಲಾರದು.

ಎರಡನೆಯ ಕಾರಣವು ಹೊರಮೈಗೆ ಸಂಬಂಧಿಸಿದ್ದು. ಹೊಸ ಕೋಟಿನ ಮೇಲೆ ನೀರು ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ಜಾರುತ್ತದೆ. ಇದು ಹೊರಗಿನ ಲೇಪದ ಗುಣ. ಕೊಳೆಯಿಂದಲೂ ಉಜ್ಜಾಟದಿಂದಲೂ ಲೇಪವು ಕೆಟ್ಟರೆ ಹೊರಬಟ್ಟೆ ನೀರು ಕುಡಿದು ಆವಿಯ ದಾರಿ ಮುಚ್ಚುವುದು. ಒಳಗೆ ಬೆವರು ನಿಲ್ಲುವುದು. ಧರಿಸಿದವನು ಕೋಟು ಸೋರುತ್ತಿದೆಯೆಂದು ಭಾವಿಸುವನು.

ಮೂರನೆಯದು ಮುಳ್ಳು ಮತ್ತು ಬೆಂಕಿ. ಬಿದಿರಿನ ಮುಳ್ಳು, ಲಂಟಾನದ ಪೊದೆ ಪೊರೆಯನ್ನು ಹರಿಯುತ್ತವೆ. ಕಾವಲುಗಾರನು ಕಾಯಿಸಿಕೊಳ್ಳುವ ಬೆಂಕಿಯ ಒಂದು ಕಿಡಿ ಸಾಕು, ಬಟ್ಟೆ ಕರಗಿ ತೂತಾಗುವುದು.

ನಮ್ಮ ಕಂಬಳಿ, ಗೊರಬು

ಆಸ್ಟ್ರಿಯದ ಬೆಟ್ಟಗಳ ಬೇಟೆಗಾರರು ಲೋಡನ್ ಎಂಬ ಒತ್ತು ಉಣ್ಣೆಯ ಬಟ್ಟೆಯನ್ನು ಇಂದಿಗೂ ಬಿಟ್ಟಿಲ್ಲ. ನಮ್ಮ ಕುರುಬರು ನೇಯ್ದು ಹುಣಿಸೆಬೀಜದ ಗಂಜಿ ಹಾಕುವ ಕರಿಕಂಬಳಿಯು ಅದೇ ಜಾತಿಗೆ ಸೇರಿದ್ದು. ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲು ತೇವವನ್ನು ಒಳಗೊಂಡರೂ ಮೈಗೆ ಒದ್ದೆಯೆನಿಸದು. ಬೇಗ ಬೆಂಕಿ ಹಿಡಿಯದು. ಜಡಿಮಳೆಯಲ್ಲಿ ತೊಯ್ದು ಭಾರವಾಗುವುದೂ ನಿಧಾನವಾಗಿ ಒಣಗುವುದೂ ಅದರ ದೋಷಗಳು. ಇನ್ನು ಗೊರಬು ಮೈಗೆ ಅಂಟದೆ ಬೆನ್ನನ್ನು ಮುಚ್ಚುವುದರಿಂದ ಅದರ ಕೆಳಗೆ ಗಾಳಿ ಆಡುತ್ತದೆ. ಬಾಗಿ ನಾಟಿ ಮಾಡುವವರಿಗೆ ಬೆಲೆಬಾಳುವ ಕೋಟಿಗಿಂತ ಇದೇ ಮೇಲು.

ಗಮನಿಸತಕ್ಕ ಅಂಶಗಳು

1. ಕೊಳ್ಳುವಾಗ ಒಳಗಿನ ಹೊಲಿಗೆಗಳ ಮೇಲೆಲ್ಲ ಪಟ್ಟಿ ಅಂಟಿಸಿದೆಯೇ ಎಂದು ನೋಡತಕ್ಕದ್ದು. ಸೂಜಿಯ ತೂತುಗಳಿಂದ ನೀರು ಬರುವುದು.

2. ಕಂಕುಳಲ್ಲಿ ತೆರೆಯುವ ಜಿಪ್ ಇದ್ದರೆ ನಮ್ಮ ಹವೆಗೆ ಬಹಳ ಅನುಕೂಲ.

3. ನಡೆಯುವಾಗ ಕೋಟನ್ನು ಸಡಿಲಿಸಿ, ಕುಳಿತ ಮೇಲೆ ಮುಚ್ಚಿಕೊಳ್ಳತಕ್ಕದ್ದು. ಒಳಗೆ ಹತ್ತಿಯ ಅಂಗಿಗಿಂತ ಉಣ್ಣೆಯದು ಲೇಸು.

4. ಕೊಳೆಯಾದಾಗ ಮೃದುವಾದ ಸಾಬೂನಿನಿಂದ ಒಗೆದು, ಸಾಬೂನು ಉಳಿಯದಂತೆ ಜಾಲಿಸತಕ್ಕದ್ದು. ಲೇಪವು ಮಂಕಾದರೆ ಚೀಟಿಯಲ್ಲಿ ಹೇಳಿರುವಂತೆ ಸಣ್ಣ ಶಾಖ ಕೊಡಬೇಕು, ಇಲ್ಲವೆ ಹೊಸ ಲೇಪವನ್ನು ಹಾಕಬೇಕು.

5. ಫ್ಲೋರೀನ್ ಸೇರಿದ ಹಳೆಯ ಲೇಪಗಳು ಮಣ್ಣುನೀರುಗಳಲ್ಲಿ ಬಹುಕಾಲ ಕೊಳೆಯದೆ ಉಳಿಯುತ್ತವೆ. ಅವಿಲ್ಲದ ಕೋಟು ದೊರೆತರೆ ಅದನ್ನೇ ಆರಿಸತಕ್ಕದ್ದು.

ಎತ್ತರದ ಚಳಿ ಪ್ರದೇಶಗಳಲ್ಲಿ ರಾತ್ರಿ ಕಾಯುವವನಿಗೆ ಈ ಕೋಟು ಬೆಲೆಗೆ ತಕ್ಕ ಫಲ ಕೊಡಬಹುದು. ಬೆಚ್ಚನೆಯ ಕಣಿವೆಗಳಲ್ಲಿ ಒಂದು ಸಾಧಾರಣ ಮಳೆಕೋಟು, ಬದಲಿಸಲು ಒಣಗಿದ ಅಂಗಿ, ಅಟ್ಟಣೆಗೆ ಸೋರದ ಮಾಡು, ಹೊದೆಯಲು ಒಂದು ಕಂಬಳಿ, ಇಷ್ಟನ್ನು ಒದಗಿಸಿದರೆ ಕಡಮೆ ಖರ್ಚಿನಲ್ಲಿ ಕಾವಲುಗಾರನ ಆರೋಗ್ಯವೂ ಬೆಳೆಯೂ ಉಳಿಯುವುವು. ಮಳೆಗಾಲಕ್ಕೆ ಮುಂಚೆಯೇ ಗ್ರಾಮದ ಮುಖಂಡರು ಈ ಏರ್ಪಾಡನ್ನು ಮಾಡಿಸುವುದು ಯುಕ್ತ.