ರಂಗಮಂದಿರ: ಕಟ್ಟುವವರಾರು, ನಡೆಸುವವರಾರು?

ಜಾತ್ರೆ ಮುಗಿದು, ತೇರಿನ ಮನೆಗೆ ಬೀಗ ಬಿದ್ದು, ಕಮಿಟಿಯ ಹಿರಿಯರು ಜಮಾಖರ್ಚು ಓದಿ ಹೇಳುವ ಸಭೆಯೊಂದು ನಮ್ಮ ಗದಗ ಸೀಮೆಯ ಊರೂರಲ್ಲಿಯೂ ನಡೆಯುವುದುಂಟು. ಖರ್ಚು ಹೋಗಿ ಒಂದಿಷ್ಟು ಹಣ ಉಳಿದಿದೆ ಎಂಬ ಮಾತು ಕೇಳಿಬಂದರೆ ಸಾಕು, ಮೂಲೆಯಲ್ಲಿ ಕುಳಿತ ಯಾರೋ ಒಬ್ಬರು ಎದ್ದು ನಿಂತು, ‘ನಮ್ಮ ಊರಿಗೂ ಒಂದು ರಂಗಮಂದಿರ ಆಗಬೇಕ್ರೀ’ ಎನ್ನುತ್ತಾರೆ. ಅಲ್ಲಿಂದ ಮುಂದಿನ ಒಂದು ತಾಸು ವಾದಕ್ಕೆ ಮೀಸಲು. ಸರಕಾರದಿಂದ ಅನುದಾನ ತರೋಣವೆಂದು ಒಬ್ಬರು, ಶ್ರೀಮಠಕ್ಕೆ ಹೋಗಿ ಅಪ್ಪಣೆ ಬೇಡೋಣವೆಂದು ಇನ್ನೊಬ್ಬರು, ಪೇಟೆಯ ದೊಡ್ಡ ಅಂಗಡಿಯವರ ಹೆಸರಿಟ್ಟರೆ ಅವರೇ ಕಟ್ಟಿಸಿಕೊಡುತ್ತಾರೆಂದು ಮತ್ತೊಬ್ಬರು. ಕೊನೆಗೆ, ಇಷ್ಟು ಹೊತ್ತೂ ಸುಮ್ಮನಿದ್ದ ತಾಯಿಯೊಬ್ಬಳು, ‘ಸಾಲಿ ಮಾಳಿಗಿ ಸೋರತೈತಿ, ನಾಟಕದ ಮನಿ ಯಾಕ?’ ಎಂದು ಕೇಳುತ್ತಾಳೆ. ಸಭೆ ಚಹಾ ಕುಡಿದು ಚದುರುತ್ತದೆ.

ಈ ಚರ್ಚೆಯನ್ನು ನಾವು ಎಷ್ಟೋ ಕಡೆ ಕೇಳಿದ್ದೇವೆ. ಇದರಲ್ಲಿ ಆಡುವವರೆಲ್ಲರೂ ಕಟ್ಟಡದ ಮಾತನ್ನೇ ಆಡುತ್ತಾರೆ. ಕಟ್ಟಿದ ಮರುವರ್ಷದ ಮಾತನ್ನು ಆಡುವವರು ವಿರಳ. ನಮ್ಮ ಮಟ್ಟಿಗೆ ಈ ವಾದದ ಗಂಟು ಇರುವುದೇ ಅಲ್ಲಿ. ಅದನ್ನು ಬಿಡಿಸುವ ಬಗೆಯೂ ದೂರದಲ್ಲಿಲ್ಲ, ಗದಗ ತಾಲೂಕಿನ ಕಣಗಿನಹಾಳದಲ್ಲಿಯೇ ಇದೆ ಎಂಬುದನ್ನು ಓದುಗರ ಮುಂದಿಡಬೇಕೆಂದು ಈ ಲೇಖನ.

ಕಣಗಿನಹಾಳದ ಹೆಸರು ಸಹಕಾರಿ ಚಳವಳಿಯ ಇತಿಹಾಸ ಬಲ್ಲವರಿಗೆಲ್ಲ ಪರಿಚಿತ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಈ ಎರೆನೆಲದ ಹಳ್ಳಿಯಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಅದು ಹೆಸರಾಯಿತು. ಸಾಹುಕಾರನ ಬಡ್ಡಿಯಲ್ಲಿ ಬೇಯುತ್ತಿದ್ದ ಒಕ್ಕಲಿಗನಿಗೆ ಒಬ್ಬ ದಾನಿಯನ್ನು ಹುಡುಕಿಕೊಡುವುದು ಆ ಕಾಲಕ್ಕೆ ಸುಲಭದ ದಾರಿಯಾಗಿತ್ತು. ಪಾಟೀಲರು ಆ ದಾರಿ ಹಿಡಿಯಲಿಲ್ಲ. ಹತ್ತು ಜನ ಸೇರಿ, ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗಿ ನಿಲ್ಲುವ ದಾರಿ ಹಿಡಿದರು. ಅಂದಿನ ಕಾಯಿದೆಯಲ್ಲಿ ಗ್ರಾಮೀಣ ಸಂಘದ ಸದಸ್ಯರ ಹೊಣೆಗೆ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಪ್ರತಿಯೊಬ್ಬನ ಹೊಲಮನೆಗೂ ಅದರ ಬಿಸಿ ತಟ್ಟುತ್ತಿತ್ತು. ಆದುದರಿಂದಲೇ ಪ್ರತಿಯೊಬ್ಬನೂ ಲೆಕ್ಕ ಕೇಳುತ್ತಿದ್ದನು.

ಅದೇ ಕಾಯಿದೆಯಲ್ಲಿ ಇನ್ನೊಂದು ಸಂಗತಿ ಉಂಟು. ಸಂಘ ಕಟ್ಟುವವರು ಒಂದೇ ಊರಿನ ಅಥವಾ ಅಕ್ಕಪಕ್ಕದ ಊರುಗಳ ನಿವಾಸಿಗಳಾಗಿರಬೇಕು. ಒಂದೇ ಜಾತಿಯವರು ಸೇರಿ ಕಟ್ಟುವುದಾದರೆ ಅದಕ್ಕೆ ರಿಜಿಸ್ಟ್ರಾರರ ಮಂಜೂರಾತಿ ಬೇಕು. ಊರು ಮೊದಲು, ಜಾತಿ ಆಮೇಲೆ. 1912ರ ಕಾಯಿದೆ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ನಿವ್ವಳ ಲಾಭದ ಕಾಲುಭಾಗವನ್ನು ಕಾಯ್ದಿಟ್ಟ ನಿಧಿಗೆ ಹಾಕಿದ ಮೇಲೆ, ಉಳಿದುದರಲ್ಲಿ ನೂರಕ್ಕೆ ಹತ್ತರವರೆಗೆ ವಿದ್ಯೆ, ವೈದ್ಯ ಮೊದಲಾದ ಸಾರ್ವಜನಿಕ ಹಿತದ ಕಾರ್ಯಗಳಿಗೆ, ರಿಜಿಸ್ಟ್ರಾರರ ಒಪ್ಪಿಗೆಯಿಂದ, ಕೊಡಬಹುದೆಂದು ಅದು ಹೇಳಿತು. ಬೀಜ ಗೊಬ್ಬರದ ಸಂಘವೂ ಊರಿನ ಹಿತಕ್ಕೆ ಕೈಯೆತ್ತಿ ಕೊಡಬಹುದೆಂಬ ವಿಚಾರ ನೂರು ವರ್ಷಗಳಷ್ಟು ಹಳೆಯದು. ನಾವು ಮರೆತಿದ್ದೇವೆ, ಅಷ್ಟೆ.

ಇನ್ನು ರಂಗಭೂಮಿಯ ಕಡೆಗೆ ಬರೋಣ. ಉತ್ತರ ಕರ್ನಾಟಕದಲ್ಲಿ ಕನ್ನಡ ನಾಟಕಕ್ಕೆ ಜೀವ ಬಂದದ್ದು ಗದಗಿನಲ್ಲಿ. ಮರಾಠಿ ನಾಟಕ ಮಂಡಳಿಗಳ ಭರಾಟೆಯಲ್ಲಿ ಕನ್ನಡದ ದನಿಯೇ ಉಡುಗಿದ್ದ ಕಾಲಕ್ಕೆ, 1870ರ ದಶಕದಲ್ಲಿ, ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಇಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನ ಹೆಸರನ್ನು ನಾಡಿನ ತುಂಬ ಹೊತ್ತು ತಿರುಗಿತು. ತಗಡಿನ ಗೋಡೆ, ಬಟ್ಟೆಯ ಪರದೆ, ಗ್ಯಾಸಿನ ದೀಪ. ಇವರ ರಂಗಮಂದಿರವೆಂದರೆ ಬಂಡಿಯಲ್ಲಿ ಹೇರಿಕೊಂಡು ಹೋಗುವಂತಹದು. ಹೊಟ್ಟೆ ತುಂಬಿಸುತ್ತಿದ್ದುದು ನೆಲದ ಮೇಲೆ ಕುಳಿತವನು ಕೊಟ್ಟ ಆಣೆ ಕಾಸು.

ಆದರೆ ಆ ತಾಯಿಯ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟುದು ವೀರೇಶ್ವರ ಪುಣ್ಯಾಶ್ರಮ. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿತ್ತು. ಆ ಕೃಪೆಯಿಂದ ಸಂಗೀತ ಕಲಿತರು, ಕಲಿತುದನ್ನು ಅಂಧ ಅನಾಥ ಮಕ್ಕಳಿಗೆ ಕಲಿಸಲು ನಿಂತರು. ಮೊದಮೊದಲು ಅವರ ಪಾಠಶಾಲೆಗೆ ಸೂರೇ ಇರಲಿಲ್ಲ. ಗುರು ಶಿಷ್ಯರು ಊರಿಂದೂರಿಗೆ ನಡೆದರು. ನಿಂತ ಊರೇ ಶಾಲೆ, ಕಂತಿಭಿಕ್ಷೆಯೇ ಪ್ರಸಾದ. ಗದಗಿನ ಬಸರಿಗಿಡದ ವೀರಪ್ಪನವರು ಆಸರೆ ಕೊಟ್ಟ ಮೇಲೆ ಆ ಸಂಚಾರಕ್ಕೆ ನೆಲೆ ದೊರೆಯಿತು.

ನೆಲೆ ದೊರೆತರೆ ಆಯಿತೆ? ದಿನ ಬೆಳಗಾದರೆ ಒಲೆ ಹೊತ್ತಬೇಕು. ಇಲ್ಲಿ ಗವಾಯಿಗಳು ಮಾಡಿದ ಕಾರ್ಯ ನಮ್ಮ ಇಂದಿನ ಸಭೆಗಳು ಕಲಿಯಬೇಕಾದುದು. ಅವರು ನಾಟಕದ ಕಂಪನಿಯನ್ನು ಕಟ್ಟಿದರು. ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘವೆಂಬ ಹೆಸರಿನಿಂದ ಅದು ಜಾತ್ರೆಯಿಂದ ಜಾತ್ರೆಗೆ ಸಾಗಿತು. ಟಿಕೀಟಿನ ಹಣ ಆಶ್ರಮದ ಅಡುಗೆಮನೆಗೆ ಬಂದಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆ ಭಾರವನ್ನು ಹೆಗಲಿಗೇರಿಸಿಕೊಂಡವರು ಪುಟ್ಟರಾಜ ಗವಾಯಿಗಳು. ಅವರೂ ಅಂಧರೇ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲದರ ಮೇಲೆಯೂ ಕೈಯಾಡಿಸಬಲ್ಲವರಾಗಿದ್ದ ಅವರು ಶರಣ ಶರಣೆಯರ ಚರಿತ್ರೆಗಳನ್ನು ನಾಟಕಗಳಾಗಿ ಬರೆದು, ರಾಗ ಹಾಕಿ, ರಂಗದ ಮೇಲೆ ತಂದರು. ವಿರಕ್ತರ ಆಶ್ರಮಕ್ಕೆ ಬಣ್ಣದ ಸಂಗವೇಕೆ ಎಂದು ಹುಬ್ಬೇರಿಸುವವರು ಯಾವ ಕಾಲಕ್ಕೂ ಇದ್ದೇ ಇರುತ್ತಾರೆ. ಉಣ್ಣಲು ಕುಳಿತ ಅಂಧ ಬಾಲಕನಿಗೆ ಆ ಅನ್ನ ಬಣ್ಣದ್ದೋ ಭಸ್ಮದ್ದೋ ಎಂಬ ಚಿಂತೆ ಇರಲಿಲ್ಲ.

ಪುಟ್ಟರಾಜರನ್ನು ಭಕ್ತರು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತೂಗುತ್ತಿದ್ದುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬೇಕು. ಊರೂರಿಗೆ ಕರೆದೊಯ್ದು ತುಲಾಭಾರ ಮಾಡುತ್ತಿದ್ದರು. ನೋಟಿನ ಕಂತೆಯಲ್ಲ, ಚಿಲ್ಲರೆ ನಾಣ್ಯ. ಕೂಲಿಯ ಹೆಣ್ಣುಮಗಳು ಸೆರಗಿನ ಗಂಟು ಬಿಚ್ಚಿ ಹಾಕಿದ ನಾಣ್ಯವೂ ಆ ಪರಡಿಯಲ್ಲಿ ತೂಗುತ್ತಿತ್ತು. 2010ರಲ್ಲಿ ಕೇಂದ್ರ ಸರಕಾರ ಅವರಿಗೆ ಪದ್ಮಭೂಷಣವನ್ನಿತ್ತಿತು; ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು; ವೆಂಕಟೇಶಕುಮಾರ ಪುಟ್ಟರಾಜರ ಆಶ್ರಮದ ಅನ್ನವುಂಡು ಬೆಳೆದವರು. ಸೋರುವ ಶಾಲೆಯ ಮಾತು ಸುಳ್ಳಲ್ಲ, ಅದನ್ನು ಮೊದಲು ದುರಸ್ತಿ ಮಾಡಲೇಬೇಕು. ಆದರೆ ರಂಗವೆಂಬುದು ಉಂಡು ಮಿಕ್ಕವರ ಮೋಜು ಎಂದು ಮಾತ್ರ ಗದಗಿನಲ್ಲಿ ನಿಂತು ಯಾರೂ ಹೇಳಲಾಗದು. ಇಲ್ಲಿ ರಂಗವೇ ಶಾಲೆಯನ್ನು ಸಾಕಿದೆ.

ಈಗ ನಮ್ಮ ಕಾಲದ ಒಂದು ಕಹಿ ಸಂಗತಿಯನ್ನು ಹೇಳಬೇಕು. ಕಟ್ಟಡಕ್ಕೆ ಹಣ ಹುಟ್ಟುವುದು ನಮ್ಮಲ್ಲಿ ಕಷ್ಟವಲ್ಲ. ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆಂದರೆ ಒಂದೊಂದು ಕಂಬಕ್ಕೂ ಒಬ್ಬೊಬ್ಬ ದಾನಿ ಮುಂದೆ ಬರುತ್ತಾನೆ. ಫ್ಯಾನಿನ ರೆಕ್ಕೆಯ ಮೇಲೂ ಹೆಸರು ಬರೆಸಿದ ಸಭಾಭವನಗಳನ್ನು ನಾವು ಕಂಡಿದ್ದೇವೆ. ಆದರೆ ವಿದ್ಯುತ್ ಬಿಲ್ಲಿನ ಮೇಲೆ ಹೆಸರು ಕೆತ್ತಲಾಗದು, ಸಂಗೀತ ಮಾಸ್ತರರ ಸಂಬಳದ ಮೇಲೆಯೂ ಕೆತ್ತಲಾಗದು. ಉದ್ಘಾಟನೆಯ ಹಾರ ಬಾಡುವ ಮುನ್ನ ಭವನಕ್ಕೆ ಖರ್ಚಿನ ಚಿಂತೆ ಹತ್ತುತ್ತದೆ. ಆಗ ಲಗ್ನದ ಬಾಡಿಗೆಯೊಂದೇ ಗತಿ. ಎರಡು ವರ್ಷದಲ್ಲಿ ವೇದಿಕೆಯ ಮೇಲೆ ಮದುಮಕ್ಕಳ ಕುರ್ಚಿ ಕಾಯಂ ಆಗುತ್ತದೆ, ಬಣ್ಣ ಹಚ್ಚುವ ಕೋಣೆ ಭಾಂಡೆ ಇಡುವ ಕೋಣೆಯಾಗುತ್ತದೆ. ಕಲ್ಯಾಣ ಮಂಟಪ ಬೇಡವೆಂದು ನಾವೆಲ್ಲಿ ಹೇಳಿದೆವು? ಅದನ್ನು ರಂಗಮಂದಿರವೆಂದು ಕರೆದು ಚಂದಾ ಎತ್ತುವುದು ಸರಿಯಲ್ಲ.

ಇದು ನಮ್ಮೂರಿನದೊಂದೇ ಕಥೆಯಲ್ಲ. ಆಸ್ಟ್ರೇಲಿಯಾದ ಸಿಡ್ನಿ ನಗರದ ಸಂಗೀತ ನಾಟಕ ಮಂದಿರಕ್ಕೆ ಮೊದಲು ಹಾಕಿದ ಅಂದಾಜು 70 ಲಕ್ಷ ಡಾಲರು; 1973ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಆಗಿದ್ದ ಖರ್ಚು 10 ಕೋಟಿ 20 ಲಕ್ಷ. ಅದರ ಬಹುಭಾಗವನ್ನು ಲಾಟರಿಯಿಂದ ತುಂಬಿಸಿದರು. ನಮ್ಮ ನಾಡಿನಲ್ಲಿ 2007ರಲ್ಲಿಯೇ ಲಾಟರಿಗೆ ನಿಷೇಧ ಬಿದ್ದಿದೆ. ಇರದಿದ್ದರೂ ಆ ಹಣದಿಂದ ಶರಣರ ನಾಟಕವಾಡಿಸುವುದು ನಮಗೆ ಒಗ್ಗುವ ಮಾತಲ್ಲ.

ಹಾಗಾದರೆ ನಡೆಸಿ ತೋರಿಸಿದವರು ಯಾರೂ ಇಲ್ಲವೆ? ಇದ್ದಾರೆ. ಹೊಸದುರ್ಗ ತಾಲೂಕಿನ ಸಾಣೇಹಳ್ಳಿ ಒಂದು ಪುಟ್ಟ ಹಳ್ಳಿ. ಅಲ್ಲಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘವನ್ನು, 1997ರಲ್ಲಿ ಶಿವಸಂಚಾರವೆಂಬ ತಿರುಗಾಟದ ತಂಡವನ್ನು ಕಟ್ಟಿದರು. ಗ್ರೀಕರ ಮಾದರಿಯ ಬಯಲು ರಂಗಮಂದಿರವೂ ಅಲ್ಲುಂಟು. ಮಠವೊಂದು ನಾಟಕವನ್ನು ಪೂಜೆಯಷ್ಟೇ ನಿಷ್ಠೆಯಿಂದ ನಡೆಸಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇತ್ತ ಮಲೆನಾಡಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನ ತರುಣರು ಕಟ್ಟಿದ ನೀನಾಸಮ್ 1985ರಿಂದ ತಿರುಗಾಟ ನಡೆಸುತ್ತ ಬಂದಿದೆ. ಊರೂರಿನ ಸಂಘಟಕರು ಹಣ ಕೂಡಿಸಿ ನಾಟಕ ಕರೆಸಿಕೊಳ್ಳುತ್ತಾರೆ. ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ತಂದುಕೊಟ್ಟ ಆ ಸಂಸ್ಥೆ ಕೂಡ 1980ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವು ಪಡೆದಾಗ, ಪರದೇಶದ ಹಣ ನಮ್ಮ ರಂಗಕ್ಕೇಕೆ ಎಂಬ ಚರ್ಚೆಯಿಂದ ಪಾರಾಗಲಿಲ್ಲ.

ಆ ಚರ್ಚೆ ಆಗಬೇಕಾದುದೇ. ಹಣ ಕೊಟ್ಟವನ ನೆರಳು ರಂಗದ ಮೇಲೆ ಬೀಳದೆ ಇರುವುದಿಲ್ಲ. ಸರಕಾರ ಕಟ್ಟಿಸಿದರೆ ಸರಕಾರಿ ಸಮಾರಂಭಗಳಿಗೆ ತಾರೀಖು ಮೊದಲು ಸಲ್ಲುತ್ತದೆ, ನಾಟಕದವರು ಅರ್ಜಿ ಹಿಡಿದು ನಿಲ್ಲುತ್ತಾರೆ. ವ್ಯಾಪಾರಿ ಕಟ್ಟಿಸಿದರೆ ಪರದೆಯ ಮೇಲೆ ಅಂಗಡಿಯ ಹೆಸರು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ತೆಗೆದಿಡಬೇಕು, ಕಲೆ ಸಂಸ್ಕೃತಿಗಳೂ ಆ ಪಟ್ಟಿಯಲ್ಲಿವೆ. ಒಂದು ವರ್ಷ ಕೊಟ್ಟವರು ಮರುವರ್ಷ ಕೊಡುವರೆಂಬ ಭರವಸೆ ಇಲ್ಲ. ನಮ್ಮ ಸಮಾಜವೊಂದೇ ಕಟ್ಟಿಕೊಂಡರೆ? ಈ ಪ್ರಶ್ನೆಯನ್ನು ನಾವೇ ನಮಗೆ ಕೇಳಿಕೊಳ್ಳುವುದು ಒಳಿತು. ಮಡಿವಾಳ, ಅಂಬಿಗ, ಸಮಗಾರರೆಲ್ಲ ಕೂಡಿ ಕುಳಿತ ಅನುಭವ ಮಂಟಪದ ಹೆಸರು ಹೇಳುವ ನಾವು, ಬೇರೆಯವರು ಬಾಡಿಗೆ ಕೊಟ್ಟು ಒಳಗೆ ಬರಲಿ ಎಂದು ಬಾಗಿಲಲ್ಲಿ ಕುಳಿತರೆ ಚೆಂದ ಕಾಣದು. ಕಣಗಿನಹಾಳದ ಕಾಲದ ಕಾಯಿದೆ ಊರನ್ನು ಮೊದಲಿಟ್ಟುದನ್ನು ಇಲ್ಲಿ ನೆನೆಯಬೇಕು.

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ. ನೆಲ ಸರಕಾರದ್ದಾಗಲಿ, ಗೋಡೆ ದಾನಿಗಳದ್ದಾಗಲಿ, ಆಶೀರ್ವಾದ ಮಠದ್ದಿರಲಿ. ವರ್ಷದ ಖರ್ಚು ಮಾತ್ರ ಊರಿನ ಷೇರುದಾರರದ್ದಾಗಬೇಕು. ಲೆಕ್ಕ ಹಾಕಿ ನೋಡಿರಿ. 500 ಮನೆಗಳ ಊರಿನಲ್ಲಿ ಮನೆಗೆ ತಿಂಗಳಿಗೆ 50 ರೂಪಾಯಿ ಎಂದರೆ ವರ್ಷಕ್ಕೆ 3 ಲಕ್ಷ. ಒಬ್ಬ ಸಂಗೀತ ಶಿಕ್ಷಕರಿಗೆ ತಿಂಗಳಿಗೆ 15 ಸಾವಿರ ಕೊಟ್ಟರೆ 1 ಲಕ್ಷ 80 ಸಾವಿರ ಹೋಯಿತು. ಮಿಕ್ಕ 1 ಲಕ್ಷ 20 ಸಾವಿರದಲ್ಲಿ ದೀಪ, ದುರಸ್ತಿ, ವರ್ಷಕ್ಕೆರಡು ನಾಟಕ. ಎಲ್ಲ ಮನೆಗಳೂ ಕೊಡವು, ಅದು ನಮಗೂ ಗೊತ್ತು. ಅರ್ಧ ಮನೆಗಳೇ ಕೊಟ್ಟರೂ ಮಾಸ್ತರರ ಸಂಬಳದ ಬಹುಪಾಲು ಹೊರಡುತ್ತದೆ, ಉಳಿದುದಕ್ಕೆ ಟಿಕೀಟು ಇದ್ದೇ ಇದೆ. 500 ರೂಪಾಯಿಯೊಳಗಿನ ನಾಟಕದ ಟಿಕೀಟಿಗೆ ಜಿಎಸ್‌ಟಿಯ ಕಾಟವೂ ಇಲ್ಲ. ಪುಕ್ಕಟೆ ನಾಟಕವೇ ಧರ್ಮವೆಂಬ ಭಾವನೆಯನ್ನು ನಾವು ಬಿಡಬೇಕು. ನಟನದೂ ಕಾಯಕವೇ, ಕಾಯಕಕ್ಕೆ ಕೂಲಿ ಕೊಡದೆ ದಾಸೋಹದ ಮಾತನಾಡುವುದು ಸಲ್ಲದು.

ಗದಗಿನ ತೋಂಟದಾರ್ಯ ಮಠದಲ್ಲಿ ಲಿಂಗೈಕ್ಯ ಸಿದ್ಧಲಿಂಗ ಸ್ವಾಮಿಗಳು ಸೋಮವಾರದ ಶಿವಾನುಭವವನ್ನು ದಶಕಗಳ ಕಾಲ ಬಿಡದೆ ನಡೆಸಿದರು. ಜನ ಅಲ್ಲಿಗೆ ಹೋಗುತ್ತಿದ್ದುದು ಕಟ್ಟಡ ನೋಡಲಿಕ್ಕಲ್ಲ. ಸೋಮವಾರ ಬಂದರೆ ಶಿವಾನುಭವ ಇದ್ದೇ ಇರುತ್ತದೆಂಬ ನಂಬಿಗೆಯಿಂದ. ರಂಗಮಂದಿರಕ್ಕೂ ಅಂತಹ ಒಂದು ವಾರ ಗೊತ್ತಾಗಬೇಕು. ಮಳೆಯಿರಲಿ, ಚುನಾವಣೆಯಿರಲಿ, ಆ ಸಂಜೆ ದೀಪ ಹೊತ್ತಬೇಕು. ಹತ್ತು ಮಕ್ಕಳಾದರೂ ಸಾ ಹಿಡಿದು ಕುಳಿತಿರಬೇಕು. ಅದಕ್ಕೆ ಕಟ್ಟಡ ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ, ಶಾಲೆಯ ಪಡಸಾಲೆ ಸಾಕು.

ಮುಂದಿನ ಜಾತ್ರೆಯ ಲೆಕ್ಕದ ಸಭೆಯಲ್ಲಿ ರಂಗಮಂದಿರದ ಮಾತು ಎದ್ದಾಗ, ಅಂದಾಜುಪಟ್ಟಿಯಲ್ಲಿ ಸಿಮೆಂಟು, ಕಬ್ಬಿಣದ ಸಾಲುಗಳ ಕೆಳಗೆ ‘ಎರಡನೆಯ ವರ್ಷದ ಖರ್ಚು’ ಎಂಬ ಸಾಲು ಇದೆಯೆ ಎಂದು ಯಾರಾದರೂ ಕೇಳಲಿ. ಸೋರುವ ಮಾಳಿಗೆಯ ಮಾತೆತ್ತಿದ ಆ ತಾಯಿಯೇ ಕೇಳಿದರೆ ಇನ್ನೂ ಒಳ್ಳೆಯದು. ಮನೆಯ ತಿಂಗಳ ಲೆಕ್ಕ ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಸಭೆಯಲ್ಲಿ ಇರಲಾರರು.