ಕ್ರಿಪ್ಟೋ ನಾಣ್ಯ: ತೆರಿಗೆಯೂ ಲೆಕ್ಕಪುಸ್ತಕವೂ

ನಮ್ಮ ಸದಸ್ಯ ಬಾಂಧವರ ಮನೆಗಳಲ್ಲಿ ಈಗ ಅಡಿಕೆ, ಕಾಫಿ ಧಾರಣೆಯ ಜೊತೆಗೆ ಬಿಟ್‌ಕಾಯಿನ್ ಧಾರಣೆಯೂ ಮಾತಿಗೆ ಬರುತ್ತಿದೆ. ಕುತೂಹಲಕ್ಕೆಂದು ಹತ್ತಿಪ್ಪತ್ತು ಸಾವಿರ ರೂಪಾಯಿ ತೊಡಗಿಸಿದ ಯುವಕರು ಹಲವರಿದ್ದಾರೆ. ಕೊಳ್ಳಬೇಕೇ ಬೇಡವೇ ಎಂಬುದು ಅವರವರ ವಿವೇಚನೆಗೆ ಬಿಟ್ಟದ್ದು. ಆದರೆ ಕೊಂಡವರು ತೆರಿಗೆಯ ನಿಯಮಗಳನ್ನು ತಿಳಿದಿರುವುದು ಅಗತ್ಯ.

2018ರಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಬಾರದೆಂದು ಸುತ್ತೋಲೆ ಹೊರಡಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿತು. ಬಳಿಕ 2022ರ ಹಣಕಾಸು ಕಾಯಿದೆಯು ಇವನ್ನು 'ವರ್ಚುವಲ್ ಡಿಜಿಟಲ್ ಆಸ್ತಿ' ಎಂದು ಹೆಸರಿಸಿ, ಮಾರಾಟದ ಲಾಭಕ್ಕೆ ಶೇಕಡಾ 30 ತೆರಿಗೆ ವಿಧಿಸಿತು. ಅದರ ಮೇಲೆ ಶೇ. 4 ಸೆಸ್ ಬೇರೆ. ತೆರಿಗೆ ಹಾಕಿದ ಮಾತ್ರಕ್ಕೆ ಇದು ಸರಕಾರ ಮಾನ್ಯ ಮಾಡಿದ ಹಣವಾಗುವುದಿಲ್ಲ.

ಕೃಷಿಕರು ಮೊದಲು ಗಮನಿಸಬೇಕಾದ ಅಂಶವೊಂದಿದೆ. ಅಡಿಕೆ ಮಾರಿದ ಹಣದಿಂದಲೇ ಕೊಂಡಿದ್ದರೂ ನಾಣ್ಯದ ಲಾಭ ಕೃಷಿ ಆದಾಯವಾಗದು. ಬೇರೆ ಆದಾಯ ಮೂಲ ವಿನಾಯಿತಿ ಮಿತಿಗಿಂತ ಕೆಳಗಿದ್ದರೂ, ಉಳಿದ ಮಿತಿಯನ್ನು ಈ ಲಾಭಕ್ಕೆ ಹೊಂದಿಸಿಕೊಳ್ಳಲು ಬರುವುದಿಲ್ಲ.

ಎರಡನೆಯದು ನಷ್ಟದ ವಿಚಾರ. ತೋಟದ ಲೆಕ್ಕದಲ್ಲಿ ಕಾಫಿಯ ನಷ್ಟವನ್ನು ಅಡಿಕೆಯ ಲಾಭ ತುಂಬಿಕೊಡುತ್ತದೆ. ಇಲ್ಲಿ ಹಾಗಲ್ಲ. ಒಬ್ಬರು 20,000 ರೂ.ಗೆ ಕೊಂಡ ಒಂದು ನಾಣ್ಯವನ್ನು 32,000 ರೂ.ಗೆ ಮಾರಿದರು, 15,000 ರೂ.ಗೆ ಕೊಂಡ ಇನ್ನೊಂದನ್ನು 5,000 ರೂ.ಗೆ ಮಾರಿದರು ಎಂದಿಟ್ಟುಕೊಳ್ಳಿ. ಕೈಗೆ ಉಳಿದ ಲಾಭ 2,000 ರೂ. ಮಾತ್ರ. ತೆರಿಗೆ ಮಾತ್ರ 12,000 ರೂ. ಮೇಲೆ: 3,600 ರೂ., ಸೆಸ್ 144 ರೂ., ಒಟ್ಟು 3,744 ರೂ. ಅಂದರೆ ಕೊನೆಗೆ 1,744 ರೂ. ಕೈಯಿಂದಲೇ ಹೋಯಿತು! ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯಲೂ ಆಗದು. ಕೊಂಡ ಬೆಲೆಯ ಹೊರತು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ.

ಮೂರನೆಯದಾಗಿ, ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ರೂಪಾಯಿ ಕೈಗೆ ಬಾರದಿದ್ದರೂ ಆ ದಿನದ ರೂಪಾಯಿ ಬೆಲೆ ಕಟ್ಟಿ ಲೆಕ್ಕ ತೋರಿಸಬೇಕು. 2022ರ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ. 1ನ್ನು ಮೂಲದಲ್ಲೇ ಹಿಡಿಯುವ ಕ್ರಮವೂ ಬಂದಿದೆ. ಇದು ಲಾಭದ ಮೇಲಲ್ಲ, ಪೂರ್ತಿ ಮೊತ್ತದ ಮೇಲೆ. ಹೀಗೆ ಹಿಡಿದದ್ದು ಖಾತೆದಾರರ ಪಾನ್ ನಂಬ್ರದಲ್ಲಿ ಜಮೆಯಾಗುವುದರಿಂದ ವ್ಯವಹಾರ ಇಲಾಖೆಗೆ ತಿಳಿದೇ ಇರುತ್ತದೆ. ರಿಟರ್ನ್ ಸಲ್ಲಿಸಿದರೆ ಮಾತ್ರ ಆ ಹಣ ತೆರಿಗೆಗೆ ವಜಾ ಸಿಗುತ್ತದೆ. ರಿಟರ್ನಿನಲ್ಲಿ ಇದಕ್ಕೆ ಪ್ರತ್ಯೇಕ ಅನುಸೂಚಿ ಇದೆ. ಸಂಬಳದಾರರ ಸರಳ ಒಂದನೆಯ ನಮೂನೆ ಸಾಲದು.

ಇನ್ನು ಲೆಕ್ಕಪುಸ್ತಕ. ಹೊಸ ಚಾಲಿ, ಹಳೆ ಚಾಲಿ, ಪಟೋರ ಎಂದು ಬೇರೆ ಬೇರೆ ಚೀಟಿ ಇಟ್ಟು ರೂಢಿಯಿರುವ ನಮಗೆ ಇದು ಕಷ್ಟವಲ್ಲ. ಪ್ರತಿ ವ್ಯವಹಾರಕ್ಕೂ ಒಂದು ಸಾಲು ಸಾಕು:

1. ಕೊಂಡ ದಿನ, ಮಾರಿದ ದಿನ.
2. ನಾಣ್ಯದ ಹೆಸರು ಮತ್ತು ಪ್ರಮಾಣ.
3. ಕೊಂಡ ಬೆಲೆ, ಮಾರಿದ ಬೆಲೆ, ರೂಪಾಯಿಯಲ್ಲಿ.
4. ಮೂಲದಲ್ಲಿ ಹಿಡಿದ ತೆರಿಗೆ.
5. ಹಣ ಯಾರ ಬ್ಯಾಂಕ್ ಖಾತೆಯಿಂದ ಹೋಯಿತು, ಯಾರದಕ್ಕೆ ಬಂತು.

ಕೊನೆಯದು ಕೂಡುಕುಟುಂಬಗಳಿಗೆ ಮುಖ್ಯ. ತಂದೆಯ ಹಣ, ಮಗನ ಖಾತೆ ಎಂದಾದರೆ ಅದನ್ನು ಬರೆದಿಡಿ.

ಎಲ್ಲವೂ ಮೊಬೈಲಿನಲ್ಲೇ ಇದೆಯೆಂದು ನೆಚ್ಚಿ ಕೂರುವುದು ಸಲ್ಲದು. 2024ರ ಜುಲೈಯಲ್ಲಿ ವಜೀರ್‌ಎಕ್ಸ್ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರು ಮೌಲ್ಯದ ನಾಣ್ಯ ಕಳವಾಗಿ, ಗ್ರಾಹಕರು ತಮ್ಮದನ್ನು ಹಿಂಪಡೆಯುವುದೇ ನಿಂತುಹೋಗಿತ್ತು. ಆದುದರಿಂದ ತಿಂಗಳಿಗೊಮ್ಮೆ ವಿವರಪಟ್ಟಿ ಇಳಿಸಿ, ಒಂದು ಪ್ರತಿ ಮುದ್ರಿಸಿ ಕಡತದಲ್ಲಿಡುವುದು ಲೇಸು. ಮಾರ್ಚ್ ಕೊನೆಗೆ ಆ ಕಡತವನ್ನು ತಮ್ಮ ಲೆಕ್ಕಪರಿಶೋಧಕರಿಗೆ ತೋರಿಸಿ ಸಲಹೆ ಪಡೆಯಬೇಕಾಗಿ ಸದಸ್ಯರಲ್ಲಿ ವಿನಂತಿ.

– ಕಾರ್ಯದರ್ಶಿ