ನಿಲ್ಲದ ದಂಡನ್ನು ನಿಲ್ಲಿಸುವ ಬಗೆ

ಮೇಜಿನ ಮೇಲೆ ಬೆರಳುದ್ದದ ಸಿಪಾಯಿಗೊಂಬೆಗಳನ್ನಿಟ್ಟು, ಅಳತೆಗೋಲಿನಿಂದ ಅವುಗಳ ನಡಿಗೆಯನ್ನಳೆದು, ದಾಳವೆಸೆದು ಜಯಾಪಜಯಗಳನ್ನು ನಿರ್ಣಯಿಸುವ ಯುದ್ಧಕ್ರೀಡೆಯೊಂದು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. 1824ರಲ್ಲಿ ಪ್ರಶಿಯಾದ ರೈಸ್ವಿಟ್ಸನೆಂಬ ಸೈನ್ಯಾಧಿಕಾರಿಯು ಸೇನಾಶಿಕ್ಷಣಕ್ಕಾಗಿ ಇಂಥ ಆಟದ ನಿಯಮಗಳನ್ನು ಅಚ್ಚು ಹಾಕಿಸಿದನು. 1913ರಲ್ಲಿ ಆಂಗ್ಲ ಕಾದಂಬರಿಕಾರ ವೆಲ್ಸನು ಅದನ್ನು ಮನೆಯ ಪಡಸಾಲೆಗೆ ತಂದನು. ದೊಡ್ಡವರ ಮಕ್ಕಳಾಟವೆಂದು ನಗುವವರು ನಗಲಿ. ಆ ಆಟಗಾರರನ್ನು ಕಾಡುವ ಪ್ರಶ್ನೆಯೊಂದು ಮಾತ್ರ ನಗುವಂಥದಲ್ಲ. ಎದುರಾಳಿಯ ಹಗುರ ರಾವುತರು ಸಮೀಪಕ್ಕೆ ಬಂದು ಬಾಣ ಬಿಟ್ಟು, ನಾವು ಮೇಲೆ ಬಿದ್ದರೆ ಚದರಿ ಓಡಿ, ನಾವು ಹಿಂದಿರುಗಿದರೆ ಬೆನ್ನು ಹತ್ತುವುದಾದರೆ, ಅವರನ್ನು ಗೆಲ್ಲುವುದೆಂತು? ಈ ಪ್ರಶ್ನೆ ನಮ್ಮ ನೆಲದಲ್ಲಿ ಗೊಂಬೆಗಳಿಂದಲ್ಲ, ಜೀವಂತ ಮನುಷ್ಯರಿಂದಲೇ ಪರೀಕ್ಷಿಸಲ್ಪಟ್ಟಿದೆ.

ಅಫಜಲಪುರ ತಾಲೂಕಿನ ಮಣ್ಣೂರಿನಲ್ಲಿ ಭೀಮೆಯ ದಡದ ಮೇಲೆ ನಿಂತವರಿಗೆ ಕಾರಣವನ್ನು ವಿವರಿಸಬೇಕಾಗಿಲ್ಲ. ಕಣ್ಣು ಹರಿಯುವಷ್ಟು ದೂರವೂ ಎರೆಯ ಬಯಲು. ಬೇಸಿಗೆಯಲ್ಲಿ ಹೊಳೆ ಇಳಿದು ಕುದುರೆ ದಾಟುವಂತಾಗುತ್ತದೆ. ಮಳೆಗಾಲದಲ್ಲಿ ಅದೇ ಎರೆಮಣ್ಣು ಗೊರಸನ್ನು ಹಿಡಿದು ಬಿಡದು. ಓಡುವವನಿಗೆ ಒಂದು ಋತು ಮಿತ್ರ, ಇನ್ನೊಂದು ಶತ್ರು.

1665ರ ನವೆಂಬರದಲ್ಲಿ ಔರಂಗಜೇಬನ ಸೇನಾನಿ ಮಿರ್ಜಾ ರಾಜಾ ಜಯಸಿಂಹನು ಸುಮಾರು 40,000 ದಂಡಿನೊಡನೆ ವಿಜಾಪುರದ ಮೇಲೆ ಹೊರಟನು. ಪುರಂದರದ ಒಪ್ಪಂದದಂತೆ ಶಿವಾಜಿ ಮಹಾರಾಜರ ಪಡೆಯೂ ಅವನ ಜೊತೆಗಿತ್ತು. ಬಿಜ್ಜಳನ ಕಾಲದ ಮಂಗಳವೇಢೆ ಸುಲಭವಾಗಿ ಕೈಸೇರಿತು. ಡಿಸೆಂಬರ 25ರಂದು ಶರ್ಜಾಖಾನ, ಖವಾಸಖಾನ, ಕಲ್ಯಾಣಿಯ ಜಾಧವರಾಯ ಮತ್ತು ಶಿವಾಜಿಯ ಸೋದರ ವ್ಯಂಕೋಜಿ ಇವರ ನಾಯಕತ್ವದಲ್ಲಿ ವಿಜಾಪುರದ 12,000 ರಾವುತರು ಎದುರಾದರು. ಅಣ್ಣನ ಪಡೆ ಅತ್ತ, ತಮ್ಮನು ಇತ್ತ! ಮೊಗಲರು ಒತ್ತಾಗಿ ನುಗ್ಗಿದಾಗ ಇವರು ನಾಲ್ಕು ಗುಂಪಾಗಿ ಒಡೆದು ಹಿಂದೆ ಸರಿದರು. ಮೊಗಲರು ಗೆದ್ದೆವೆಂದು ಬಿಡಾರಕ್ಕೆ ತಿರುಗುತ್ತಲೇ ಎರಡು ಮಗ್ಗುಲಿಗೂ ಬೆನ್ನಿಗೂ ಬಂದು ಕಚ್ಚಿದರು. 28ರಂದು ಮತ್ತೊಂದು ಕಾಳಗವಾಯಿತು. ಜಯಸಿಂಹನು ಎರಡನ್ನೂ ಗೆದ್ದನೆಂದೇ ಬರೆಯುವುದುಂಟು. ಗೆದ್ದುದೇನು? ಸಂಜೆಯ ವೇಳೆಗೆ ಖಾಲಿಯಾದ ಒಂದು ಬಯಲು.

ಅವನು ವಿಜಾಪುರಕ್ಕೆ 12 ಮೈಲಿ ದೂರಕ್ಕೆ ಬಂದು ನಿಂತಾಗ ನಿಜವಾದ ಯುದ್ಧವು ಆಗಲೇ ಮುಗಿದಿತ್ತು. ಅವಸರದಲ್ಲಿ ದೊಡ್ಡ ತೋಪುಗಳನ್ನು ಪರಾಂಡಾ ಕೋಟೆಯಲ್ಲಿಯೇ ಬಿಟ್ಟು ಬಂದಿದ್ದನು. ಎರಡನೆಯ ಅಲಿ ಆದಿಲಶಹನು ಕೋಟೆಯೊಳಗೆ ಕರ್ನಾಟಕದ 30,000 ಕಾಲಾಳುಗಳನ್ನು ತುಂಬಿದ್ದನು. ನವರಸಪುರ, ಶಹಾಪುರಗಳ ಕೆರೆಗಳನ್ನು ಬರಿದು ಮಾಡಿಸಿದ್ದನು. ಸುತ್ತಲಿನ ಆರು ಮೈಲಿಯೊಳಗಿನ ಬಾವಿಗಳು ಮಣ್ಣು ಪಾಲಾಗಿದ್ದವು, ಮರಗಳು ನೆಲಕ್ಕುರುಳಿದ್ದವು. ಅದೇ ಹೊತ್ತಿಗೆ ಶರ್ಜಾಖಾನನು ಮೊಗಲರ ಸ್ವಂತ ಪ್ರಾಂತಕ್ಕೇ ನುಗ್ಗಿದ್ದನು. 1666ರ ಜನವರಿ 5ರಂದು ಜಯಸಿಂಹನು ಹಿಂದಿರುಗಿದನು.

ಈ ವಿದ್ಯೆಯನ್ನು ವಿಜಾಪುರದವರು ಪೆಟ್ಟು ತಿಂದೇ ಕಲಿತಿದ್ದರು. 1624ರಲ್ಲಿ ಅಹಮದನಗರದ ಬಳಿಯ ಭಾತವಡಿಯಲ್ಲಿ ಮಲಿಕ ಅಂಬರನು ಮೊಗಲರನ್ನೂ ವಿಜಾಪುರದವರನ್ನೂ ಒಟ್ಟಿಗೇ, ಕೆರೆಯ ನೀರನ್ನು ಬಿಟ್ಟು ಕೆಸರಿನಲ್ಲಿ ಕೆಡವಿ, ಸೋಲಿಸಿದ್ದನು.

ಇನ್ನು ಉತ್ತರಕ್ಕೆ ಬರೋಣ. ಮೇಜಿನ ಆಟದಲ್ಲಿ ಅಟ್ಟುವವನಿಗೆ ದೊಡ್ಡ ಸಹಾಯಕವೆಂದರೆ ಮೇಜಿನ ಅಂಚು. ಓಡುವವನು ಅಲ್ಲಿಂದಾಚೆ ಹೋಗಲಾರನು. ಜಯಸಿಂಹನಿಗೆ ಅಂಚೇ ಇರಲಿಲ್ಲ. 1800ರಲ್ಲಿ ಕರ್ನಲ್ ವೆಲ್ಲೆಸ್ಲಿಗೆ ಅದು ಸಿಕ್ಕಿತು. ಚನ್ನಗಿರಿಯಲ್ಲಿ ಹುಟ್ಟಿ, ಟಿಪ್ಪುವಿನ ಸೆರೆಯಿಂದ 1799ರಲ್ಲಿ ಹೊರಬಿದ್ದ ಧೋಂಡಿಯಾ ವಾಘನು ಉಭಯ ಲೋಕಗಳ ದೊರೆಯೆಂದು ತನ್ನನ್ನು ಕರೆದುಕೊಂಡು ಸಾವಿರಾರು ರಾವುತರನ್ನು ಕೂಡಿಸಿದ್ದನು. ವೆಲ್ಲೆಸ್ಲಿಯು ಅವನ ಹಿಂದೆ ಕುರುಡಾಗಿ ಓಡಲಿಲ್ಲ. ಮೊದಲು ಅಕ್ಕಿ, ಎತ್ತುಗಳ ಏರ್ಪಾಡು. ಅನಂತರ ಕುಂದಗೋಳ, ಶಿರಹಟ್ಟಿ, ಡಂಬಳ, ಅಂದರೆ ಓಡಲಾರದ ಕೋಟೆಗಳು. ಜುಲೈ 30ರಂದು ಮಲಪ್ರಭೆಯ ದಡದ ಮನೋಳಿಯಲ್ಲಿ, ಹೊಳೆ ದಾಟಲಾಗದೆ ಉಳಿದ ಬಿಡಾರದ ಮೇಲೆ ಬಿದ್ದು ಸರಂಜಾಮನ್ನು ಹಿಡಿದನು. ಕರ್ನಲ್ ಸ್ಟೀವನ್‌ಸನ್ನನ ಪಡೆ ಇನ್ನೊಂದು ಕಡೆಯಿಂದ ಒತ್ತುತ್ತ ಬಂದಿತು. ತುಂಬಿದ ಹೊಳೆಗಳೇ ಮೇಜಿನ ಅಂಚಾದವು. ಸೆಪ್ಟೆಂಬರ 10ರಂದು ಕೋನಗಲ್ಲಿನಲ್ಲಿ ಸುಮಾರು 5,000 ಕುದುರೆಗಳೆದುರಿಗೆ ತನ್ನ ನಾಲ್ಕು ರಾವುತ ಪಡೆಗಳನ್ನು, ಮಗ್ಗುಲು ಸುತ್ತುವರಿಯಲ್ಪಡದಂತೆ, ಒಂದೇ ಸಾಲಾಗಿ ನಿಲ್ಲಿಸಿ ನುಗ್ಗಿಸಿದನು. ಧೋಂಡಿಯಾ ಬಿದ್ದನು. ಅವನ ಎಳೆಯ ಮಗ ಸಲಾಬತಖಾನನನ್ನು ವೆಲ್ಲೆಸ್ಲಿಯೇ ಸಾಕಿಸಿದನೆಂಬುದನ್ನೂ ಹೇಳಬೇಕು. ಪರರಾಜ್ಯದ ಸೇನಾನಿಯೆಂದು ಅದನ್ನು ಮುಚ್ಚಿಡುವುದು ನ್ಯಾಯವಲ್ಲ.

ಔರಂಗಜೇಬನೂ ಇದನ್ನೇ ಅರಿತನು. 1685ರಲ್ಲಿ ಅವನ ಸೈನ್ಯವು ರಾವುತರನ್ನು ಅಟ್ಟದೆ ವಿಜಾಪುರದ ಗೋಡೆಯನ್ನೇ ಮುತ್ತಿತು. 1686ರ ಸೆಪ್ಟೆಂಬರದಲ್ಲಿ ನಗರ ಬಿದ್ದಿತು.

ಆಟದ ನಿಯಮಗಳಲ್ಲಿ ನಮಗೆ ತೋರುವ ಕೊರತೆ ಒಂದೇ. ಓಡುವ ದಂಡಿಗೂ ಅಟ್ಟುವ ದಂಡಿಗೂ ಲೆಕ್ಕವಿದೆ, ನಡುವಿನ ಹಳ್ಳಿಗೆ ಇಲ್ಲ. ಪುಷ್ಯಮಾಸದಲ್ಲಿ ಹಿಂಗಾರಿ ಜೋಳ ಹೊಲದಲ್ಲಿ ನಿಂತಿರುವಾಗ ಎರಡೂ ಕಡೆಯ ಕುದುರೆಗಳು ಮೇಯುವುದು ಅದನ್ನೇ. ಬಾವಿಗೆ ಮಣ್ಣು ತುಂಬಿದ ದಂಡು ಗೆದ್ದು ಹೋದ ಮೇಲೆ ಅದನ್ನು ತೋಡುವವನು ಒಕ್ಕಲಿಗ. ನಮ್ಮ ಊರುಗಳ ಯುವಕರು ಈ ಆಟವನ್ನು ಆಡುವುದಾದರೆ, ಭೀಮೆಯನ್ನೂ ಮಣ್ಣೂರಿನಂಥ ನಾಲ್ಕು ಹಳ್ಳಿಗಳನ್ನೂ ಮೇಜಿನ ಮೇಲಿಡಲಿ. ತುಂಬಿದ ಒಂದೊಂದು ಬಾವಿಗೂ, ಮೇಯಿಸಿದ ಒಂದೊಂದು ಹೊಲಕ್ಕೂ, ತುಂಬಿಸಿದವನ, ಮೇಯಿಸಿದವನ ಲೆಕ್ಕದಿಂದಲೇ ಅಂಕ ಕಳೆಯಲಿ.